ಸಿಂಕು, ಬೇಸಿನ್, ನಲ್ಲಿಗಳ ಕಲೆ-ಬಿರುಕು: ಆಸಿಡ್ ಬಾಟಲಿಗೆ ಕೈ ಹಾಕುವ ಮುನ್ನ

ಬಾಗೂರು (ಚನ್ನರಾಯಪಟ್ಟಣ): ಹಾಸನ ಜಿಲ್ಲೆಯ ಬಾಗೂರು ಎಂದೊಡನೆ ರಾಜ್ಯದ ಓದುಗರಿಗೆ ನೆನಪಾಗುವುದು ಬಾಗೂರು-ನವಿಲೆ ಸುರಂಗ. ಗೊರೂರು ಜಲಾಶಯದಿಂದ ಹೊರಟ ಹೇಮಾವತಿ ಕಾಲುವೆಯ ನೀರು ಈ ಸುರಂಗವನ್ನು ಹಾದು ತುಮಕೂರಿನತ್ತ ಹರಿಯುತ್ತದೆ. ಪಶ್ಚಿಮಘಟ್ಟದ ಮಳೆಯಿಂದ ತುಂಬುವ ನದಿಯ ಈ ನೀರು ಬಹುಮಟ್ಟಿಗೆ ಮೆದು. ಅದೇ ಸೀಮೆಯ ನೆಲದಡಿಯ ಬಂಡೆಯ ಸೀಳುಗಳಿಂದ ಕೊಳವೆಬಾವಿಗಳು ಎತ್ತುವ ನೀರಿನ ಗುಣವೇ ಬೇರೆ. ಮಳೆ ಕಡಿಮೆ ಬೀಳುವ ಮೈದಾನ ಸೀಮೆಯಲ್ಲಿ ಕಲ್ಲಿನ ನಡುವೆ ದೀರ್ಘಕಾಲ ನಿಂತ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಜನರು ಇದನ್ನು ಗಡಸು ನೀರು ಎಂದೂ, ಆಡುಮಾತಿನಲ್ಲಿ ಉಪ್ಪು ನೀರು ಎಂದೂ ಕರೆಯುತ್ತಾರೆ.

ಸೋಪು ನೊರೆ ಬಾರದಿರುವುದು, ಬೇಳೆ ಬೇಗ ಬೇಯದಿರುವುದು ಈ ನೀರಿನ ಹಳೆಯ ದೂರುಗಳು. ಮನೆಗಳಿಗೆ ಹೊಳೆಯುವ ನಲ್ಲಿ, ಬಿಳಿಯ ವಾಶ್ ಬೇಸಿನ್, ಸ್ಟೀಲ್ ಸಿಂಕ್‌ಗಳು ಬಂದ ಮೇಲೆ ಹೊಸ ದೂರೊಂದು ಸೇರಿಕೊಂಡಿತು. ಹಾಕಿಸಿದ ಎರಡು ವರ್ಷಕ್ಕೇ ಎಲ್ಲವೂ ಮಂಕಾಗಿ, ಕಲೆಗಟ್ಟಿ, ಹಾಳಾದಂತೆ ಕಾಣುತ್ತದೆ ಎಂಬುದು ಆ ದೂರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡ ಬಡಾವಣೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕಾಗಿದೆ. ಹಾಳಾಯಿತೆಂದು ತೋರುವ ಅನೇಕ ಸಾಮಾನುಗಳು ನಿಜಕ್ಕೂ ಹಾಳಾಗಿರುವುದಿಲ್ಲ. ಅವುಗಳ ಮೇಲೆ ಏನೋ ಕೂತಿರುತ್ತದೆ, ಅಷ್ಟೆ. ನಿಜಕ್ಕೂ ಹಾಳಾದವುಗಳಲ್ಲಿ ಹಲವು ಕೆಟ್ಟಿರುವುದು ನೀರಿನಿಂದಲ್ಲ, ಆ ಕಲೆಯನ್ನು ತೆಗೆಯಲು ಸುರಿದ ಆಸಿಡ್‌ನಿಂದ ಮತ್ತು ಉಜ್ಜಿದ ಸ್ಟೀಲ್ ಸ್ಕ್ರಬ್ಬರ್‌ನಿಂದ.

ಕಲೆಯೋ, ಗಾಯವೋ?

ಯಾವುದೇ ದುರಸ್ತಿಗೆ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ. ಜಾಗವನ್ನು ತೊಳೆದು ಒರೆಸಿ, ಪೂರ್ಣ ಒಣಗಿದ ಮೇಲೆ ಉಗುರನ್ನು ಅದರ ಮೇಲೆ ಎಳೆಯಬೇಕು. ಉಗುರು ಏನನ್ನೋ ಹತ್ತಿ ಇಳಿದರೆ ಅದು ಮೇಲೆ ಕೂತ ಪದರ. ಉಗುರು ಒಳಗೆ ಸಿಕ್ಕಿಕೊಂಡರೆ ಮೇಲ್ಮೈ ಕಿತ್ತುಹೋಗಿದೆ ಎಂದರ್ಥ. ಮೊದಲನೆಯದನ್ನು ಕರಗಿಸಿ ತೆಗೆಯಬೇಕು, ಎರಡನೆಯದನ್ನು ತುಂಬಿ ಮುಚ್ಚಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡುವುದರಿಂದಲೇ ಹೆಚ್ಚಿನ ಅನಾಹುತ.

ಬಿಳಿಯ ಬೇಸಿನ್ನಿನಲ್ಲಿ ಕಾಣುವ ಬೂದುಬಣ್ಣದ ಸಣ್ಣ ಗೆರೆಗಳು ಬಹಳ ಜನರನ್ನು ದಾರಿ ತಪ್ಪಿಸುತ್ತವೆ. ನೋಡಲು ಗೀಚಿದಂತಿದ್ದರೂ ಅವು ಸಾಮಾನ್ಯವಾಗಿ ಗೀಚು ಗಾಯಗಳಲ್ಲ. ಸೆರಾಮಿಕ್‌ನ ಗಾಜಿನಂತಹ ಮೇಲ್ಪದರವು ಸ್ಟೀಲ್ ಲೋಟ, ಬಕೆಟ್ಟಿನ ಹಿಡಿ, ಕೈಬಳೆಗಳಿಗಿಂತ ಗಟ್ಟಿ. ಆದ್ದರಿಂದ ಉಜ್ಜಾಟದಲ್ಲಿ ಸವೆಯುವುದು ಲೋಹವೇ. ಸೀಸದಕಡ್ಡಿ ಕಾಗದದ ಮೇಲೆ ಗುರುತು ಬಿಡುವಂತೆ ಲೋಹದ ಪುಡಿ ಗೆರೆಯಾಗಿ ಅಂಟಿಕೊಳ್ಳುತ್ತದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮೆತ್ತನೆಯ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿದರೆ ಇವುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ.

ಕೂದಲೆಳೆಯಂತಹ ಗೆರೆ ಕಂಡಾಗ ಅದು ಮೇಲ್ಪದರದ ಗೆರೆಯೋ ಅಥವಾ ಬಿರುಕೋ ಎಂದು ತಿಳಿಯಲು ಒಂದೆರಡು ಹನಿ ಕಾಫಿ ಡಿಕಾಕ್ಷನ್ ಅಥವಾ ಫೌಂಟನ್ ಪೆನ್ನಿನ ಇಂಕನ್ನು ಸವರಿ, ಐದು ನಿಮಿಷ ಬಿಟ್ಟು ಒರೆಸಬಹುದು. ಬಣ್ಣ ಗೆರೆಯಲ್ಲೇ ಉಳಿದರೆ ಅಲ್ಲಿ ಬಾಯಿ ಬಿಟ್ಟಿದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಪದ್ಧತಿಯೂ ಇಲ್ಲಿ ಉಪಯುಕ್ತವೇ. ಗಟ್ಟಿ ಬೇಸಿನ್ ಖಣಖಣ ಎನ್ನುತ್ತದೆ, ಸೀಳಿದ್ದು ಬೊದಬೊದ ಎನ್ನುತ್ತದೆ.

ಬಿಳಿ ಪೊರೆಗೆ ಹುಳಿಯೇ ಮದ್ದು

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಆರಿದಾಗ ಅಥವಾ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಹಳೆಯ ಬಚ್ಚಲುಮನೆಯ ತಾಮ್ರದ ಹಂಡೆಯ ಒಳಮೈಗೆ ಹತ್ತುತ್ತಿದ್ದ ಸುಣ್ಣದ ಪದರ, ಇಂದಿನ ಗೀಸರ್‌ನ ಕಾಯಿಲ್ ಮೇಲಿನ ಹೊಪ್ಪಳೆ, ಶವರ್ ತೂತುಗಳನ್ನು ಮುಚ್ಚುವ ಬಿಳಿ ಪುಡಿ ಎಲ್ಲವೂ ಇದೇ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡವು (ಐಎಸ್ 10500, 2012) ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನು ಸೂಚಿಸಿದ್ದು, ಬೇರೆ ನೀರು ಸಿಗದ ಕಡೆ 600 ಮಿಲಿಗ್ರಾಂವರೆಗೆ ಅವಕಾಶ ನೀಡಿದೆ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಸಹ ನಲ್ಲಿಯ ಹೊಳಪನ್ನು ಕೆಲವೇ ತಿಂಗಳಲ್ಲಿ ಮಸುಕುಗೊಳಿಸಬಲ್ಲದು.

ಪೊರೆಯ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟಾಗ ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣವೇ. ಅಂಗಡಿಯ ವಿನೆಗರ್, ಇಲ್ಲವೇ ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿದ ದ್ರಾವಣ ಇದಕ್ಕೆ ಸಾಕು. ಅವಸರ ಮಾತ್ರ ಸಲ್ಲದು. ನೇರ ಎರಚಿದರೆ ದ್ರಾವಣ ಜಾರಿಹೋಗುತ್ತದೆ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ನಲ್ಲಿಯ ಬುಡಕ್ಕೋ ಬೇಸಿನ್ನಿನ ಗೆರೆಗೋ ಸುತ್ತಿ 20 ನಿಮಿಷ ಬಿಡಬೇಕು. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಸಾಕಷ್ಟು ನೀರು ಹಾಕಿ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ದಪ್ಪ ಪೊರೆ ಒಂದೇ ಸಲಕ್ಕೆ ಹೋಗದು. ಮೂರು ದಿನ ಮೂರು ಸಲ ಮಾಡುವುದು, ರಾತ್ರಿಯಿಡೀ ನೆನೆಯಿಡುವುದಕ್ಕಿಂತ ನಲ್ಲಿಯ ಲೇಪಕ್ಕೆ ಕ್ಷೇಮ. ಶವರ್ ಮುಖವನ್ನು ಬಿಚ್ಚಲು ಬಾರದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ದ್ರಾವಣ ತುಂಬಿ, ಮುಖ ಮುಳುಗುವಂತೆ ದಾರದಿಂದ ಕಟ್ಟಬಹುದು.

ಕಿತ್ತಳೆ ಅಥವಾ ಕಂದು ಬಣ್ಣದ ಕಲೆ ಸುಣ್ಣದ್ದಲ್ಲ, ನೀರಿನಲ್ಲಿರುವ ಕಬ್ಬಿಣದ್ದು. ಇದಕ್ಕೂ ಸಿಟ್ರಿಕ್ ಆಸಿಡ್ ನಡೆಯುತ್ತದೆ. ಹಲವರು ಇಂತಹ ಕಲೆಗೆ ಬ್ಲೀಚಿಂಗ್ ಪುಡಿ ಹಚ್ಚುತ್ತಾರೆ. ಬ್ಲೀಚಿಂಗ್‌ನಿಂದ ಕಬ್ಬಿಣದ ಕಲೆ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ.

ಆಸಿಡ್ ಎಂಬ ಅಡ್ಡದಾರಿ

ಟೈಲ್ಸ್ ಕೆಲಸ ಮುಗಿದ ದಿನ ಸಿಮೆಂಟ್ ಕಲೆ ತೆಗೆಯಲು ಕೆಲಸಗಾರರು ತರುವ ಆಸಿಡ್ ಬಾಟಲಿ, ಉಳಿದುಕೊಂಡು ಮನೆಯವರ ಕೈಗೆ ಬರುವುದುಂಟು. ಅದು ಹೈಡ್ರೋಕ್ಲೋರಿಕ್ ಆಮ್ಲ. ಕಮೋಡ್ ತೊಳೆಯುವ ಹಲವು ದ್ರಾವಣಗಳಲ್ಲಿಯೂ ಇದೇ ಆಮ್ಲ ಕಡಿಮೆ ಪ್ರಮಾಣದಲ್ಲಿರುತ್ತದೆ. ಸೆರಾಮಿಕ್‌ನ ಗಾಜಿನ ಪದರ ಈ ಆಮ್ಲಕ್ಕೆ ಸುಲಭದಲ್ಲಿ ಬಗ್ಗದು ಎಂಬುದು ನಿಜ. ಆದುದರಿಂದಲೇ ಕಮೋಡ್ ಥಟ್ಟನೆ ಬೆಳ್ಳಗಾಗಿ ಜನರಿಗೆ ಅದರ ಮೇಲೆ ವಿಶ್ವಾಸ ಹುಟ್ಟುತ್ತದೆ. ಪೆಟ್ಟು ತಿನ್ನುವುದು ಅಕ್ಕಪಕ್ಕದ ವಸ್ತುಗಳು. ಟೈಲ್ಸ್ ಸಂದಿನ ಸಿಮೆಂಟ್ ಕರಗುತ್ತದೆ, ನೀರು ಹೋಗುವ ಜಾಲರಿ ತುಕ್ಕು ಹಿಡಿಯುತ್ತದೆ, ನಲ್ಲಿಯ ಹೊಳಪು ಏಳುತ್ತದೆ, ಸ್ಟೀಲ್ ಸಿಂಕಿನಲ್ಲಿ ಸೂಜಿಮೊನೆಯಂತಹ ಕುಳಿ ಬೀಳುತ್ತದೆ. ಬಾಟಲಿಯ ಮುಚ್ಚಳ ಸಡಿಲವಿದ್ದರೆ ಆವಿಯೊಂದೇ ಸಿಂಕಿನ ಕೆಳಗಿನ ಕಬ್ಬಿಣ, ಸ್ಟೀಲ್ ಭಾಗಗಳನ್ನು ತಿನ್ನುತ್ತದೆ.

ಸಾಮಾನಿಗಿಂತ ಮನುಷ್ಯರ ಮಾತು ಮುಖ್ಯ. ಆಸಿಡ್ ಅಥವಾ ಆಸಿಡ್ ಇರುವ ಕಮೋಡ್ ದ್ರಾವಣವನ್ನು ಬ್ಲೀಚಿಂಗ್ ಪುಡಿಯ ಜೊತೆ ಎಂದಿಗೂ ಸೇರಿಸಬಾರದು. ಎರಡೂ ಕೂಡಿದೊಡನೆ ಕ್ಲೋರಿನ್ ಅನಿಲ ಹೊರಡುತ್ತದೆ. ಸಣ್ಣ ಕಿಟಕಿಯ ಬಚ್ಚಲಿನಲ್ಲಿ ಇದು ಉಸಿರುಗಟ್ಟಿಸಿ ಶ್ವಾಸಕೋಶವನ್ನು ಸುಡಬಲ್ಲದು. ಒಂದು ಫಲಿಸಲಿಲ್ಲವೆಂದು ಅದರ ಮೇಲೇ ಇನ್ನೊಂದನ್ನು ಸುರಿಯುವ ಅಭ್ಯಾಸವೇ ಇಲ್ಲಿ ಅಪಾಯದ ಮೂಲ. ಕಣ್ಣು, ಮೂಗು ಉರಿಯತೊಡಗಿದರೆ ತೊಳೆಯುವುದನ್ನು ಬಿಟ್ಟು ಮೊದಲು ಹೊರಗೆ ಬರಬೇಕು. ಮೈಗೆ ಆಸಿಡ್ ಸಿಡಿದರೆ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಆಸಿಡ್ ದಾಳಿ ಪ್ರಕರಣಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಆಸಿಡ್‌ನ ಬಿಡಿ ಮಾರಾಟಕ್ಕೆ ನಿರ್ಬಂಧ ವಿಧಿಸಿತು. ಅದರಂತೆ ಮಾರುವವರು ಪುಸ್ತಕ ಇಡಬೇಕು, ಕೊಳ್ಳುವವರು ಸರ್ಕಾರ ನೀಡಿದ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಿ ಕಾರಣ ತಿಳಿಸಬೇಕು, 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ಇದ್ದರೂ, ತಂಪುಪಾನೀಯದ ಹಳೆಯ ಬಾಟಲಿಯಲ್ಲಿ ತುಂಬಿಸಿದ ಆಸಿಡ್ ಬಚ್ಚಲಿನ ಮೂಲೆಯಲ್ಲಿರುವ ಮನೆಗಳು ಇನ್ನೂ ಉಂಟು. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಕೆಟ್ಟ ಏರ್ಪಾಡು ಬೇರೊಂದಿಲ್ಲ.

ಚಕ್ಕೆ ಎದ್ದ ಬೇಸಿನ್ ತುಂಬುವ ಬಗೆ

ಕೈಜಾರಿದ ಚೊಂಬು, ಕನ್ನಡಿಯ ಹಲಗೆಯಿಂದ ಬಿದ್ದ ಗಾಜಿನ ಸೀಸೆ ಬೇಸಿನ್ನಿನ ಅಂಚಿನಲ್ಲಿ ಕಡಲೆಬೇಳೆಯಷ್ಟು ಚಕ್ಕೆ ಎಬ್ಬಿಸುತ್ತವೆ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಉಷ್ಣದ ಗೂಡಿನಲ್ಲಿ ಮೈಯ ಜೊತೆಗೆ ಬೆಂದು ಒಂದಾದ ಈ ಮೇಲ್ಪದರ ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿದ್ದು, ಒಮ್ಮೆ ಹೋದರೆ ಮನೆಯಲ್ಲಿ ಮತ್ತೆ ಬರಿಸಲಾಗದು. ಅಂಗಡಿಯಲ್ಲಿ ಏನೇ ಹೆಸರಿನ ಡಬ್ಬಿ ಕೊಂಡರೂ ಒಳಗಿರುವುದು ತಣ್ಣಗೆ ಗಟ್ಟಿಯಾಗುವ ಅಂಟು ಅಥವಾ ಬಣ್ಣ. ಚಕ್ಕೆ ಎದ್ದ ಕಡೆ ಕೊಳೆ ಕೂರದಂತೆ, ಅಂಚು ಕೈಗೆ ತಾಗದಂತೆ, ನೋಡಲು ಅಸಹ್ಯವಾಗದಂತೆ ಮಾಡುವುದೇ ದುರಸ್ತಿಯ ಗುರಿ. ಅಷ್ಟನ್ನು ಎರಡು ಭಾಗದ ಎಪಾಕ್ಸಿ ಅಂಟು ಚೆನ್ನಾಗಿಯೇ ನಿರ್ವಹಿಸುತ್ತದೆ. ಅರಾಲ್ಡೈಟ್, ಎಂ-ಸೀಲ್ ಎಂಬ ಹೆಸರುಗಳಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುವುದು ಇದೇ ಜಾತಿಯ ವಸ್ತು. ಮೊದಲನೆಯದು ದ್ರವ, ಸಣ್ಣ ಚಕ್ಕೆಗೆ ಸೂಕ್ತ. ಎರಡನೆಯದು ಕಣಕದಂತೆ ನಾದುವಂಥದ್ದು, ಬೇಸಿನ್ನಿನ ಅಡಿಭಾಗದ ಕಾಣದ ಜಾಗಕ್ಕೆ ಸರಿ.

ಈ ಕೆಲಸ ಕೆಡುವುದು ಸಾಮಾನ್ಯವಾಗಿ ತೇವದಿಂದ. ಚಕ್ಕೆ ಎದ್ದ ಜಾಗದ ಒಳಮೈ ತುಸು ತೇವ ಹೀರಿರಬಹುದು. ಆದ್ದರಿಂದ ಬೇಸಿನ್ನಿನ ಕೆಳಗಿನ ಆಂಗಲ್ ಕಾಕ್ ಮುಚ್ಚಿ, ಒಂದು ಇಡೀ ದಿನ ಬಳಸದೆ ಒಣಗಲು ಬಿಡಬೇಕು. ಮಳೆಗಾಲದಲ್ಲಾದರೆ ಕೂದಲು ಒಣಗಿಸುವ ಯಂತ್ರದ ಬೆಚ್ಚನೆಯ ಗಾಳಿಯನ್ನು ದೂರದಿಂದ ಹಾಯಿಸಬಹುದು. ನಂತರ ಚಕ್ಕೆಯ ಒಳಭಾಗವನ್ನು ಮಾತ್ರ ಉಪ್ಪುಕಾಗದದ ಚೂರಿನಿಂದ ಉಜ್ಜಿ ಒರಟಾಗಿಸಿ, ಉಗುರುಬಣ್ಣ ತೆಗೆಯುವ ದ್ರವ ಅಥವಾ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಎಣ್ಣೆ, ಸೋಪಿನ ಜಿಡ್ಡನ್ನು ಒರೆಸಬೇಕು. ಇವೆರಡೂ ಬೇಗ ಹೊತ್ತಿಕೊಳ್ಳುವ ದ್ರವಗಳಾದ್ದರಿಂದ ಗೀಸರ್‌ನ ಗ್ಯಾಸ್ ಉರಿಯುತ್ತಿರುವ ಬಚ್ಚಲಿನಲ್ಲಿ ಬಳಸಬಾರದು. ಸುತ್ತಲಿನ ಒಳ್ಳೆಯ ಮೈಗೆ ಕಾಗದದ ಟೇಪ್ ಅಂಟಿಸಿಕೊಳ್ಳುವುದು ಲೇಸು.

ಎಪಾಕ್ಸಿಯ ಎರಡು ಭಾಗಗಳನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲೇ ಕಲಸಬೇಕು. ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಬಿಳಿ ಬಣ್ಣಕ್ಕಾಗಿ ಪೇಂಟ್ ಅಂಗಡಿಯ ಒಣ ಬಿಳಿ ವರ್ಣಪುಡಿಯನ್ನು ಚಿಟಿಕೆಯಷ್ಟು ಸೇರಿಸಬಹುದು. ಬೇಸಿನ್‌ಗಳ ಬಿಳುಪಿನಲ್ಲಿ ಹತ್ತು ಬಗೆಯುಂಟು. ಹಳೆಯದರ ಬಿಳುಪಿನಲ್ಲಿ ಕೊಂಚ ಹಳದಿಯೋ ನೀಲಿಯೋ ಬೆರೆತಿರುತ್ತದೆ. ಹಗಲು ಬೆಳಕಿನಲ್ಲಿ, ಒಡೆದ ಚೂರು ಸಿಕ್ಕಿದ್ದರೆ ಅದರ ಪಕ್ಕದಲ್ಲಿಟ್ಟು ಬಣ್ಣ ಹೊಂದಿಸಬೇಕು. ಟ್ಯೂಬ್‌ಲೈಟಿನಡಿ ಹೊಂದಿಸಿದ ಬಣ್ಣ ಬೆಳಿಗ್ಗೆ ನೋಡಿದಾಗ ಮೋಸ ಮಾಡಿರುತ್ತದೆ.

ಬೆಂಕಿಕಡ್ಡಿಯ ತುದಿಯಿಂದ ತುಂಬುತ್ತ, ಮಟ್ಟಕ್ಕಿಂತ ಒಂದು ಕೂದಲೆಳೆ ಎತ್ತರಕ್ಕೆ ಬಿಟ್ಟು, ಗಾಳಿಗುಳ್ಳೆಯನ್ನು ಸೂಜಿಯಿಂದ ಒಡೆದು, ಪೂರ್ತಿ 24 ಗಂಟೆ ಮುಟ್ಟದಿರಬೇಕು. ಅಂಟು ಅರೆಗಟ್ಟಿಯಾದಾಗಲೇ ಟೇಪನ್ನು ನಿಧಾನವಾಗಿ ಎತ್ತಿಬಿಡುವುದು ಜಾಣತನ. ಗಟ್ಟಿಯಾದ ಬಳಿಕ 400ನೇ ನಂಬರಿನ ವಾಟರ್ ಪೇಪರ್, ಆಮೇಲೆ 800, ಕೊನೆಗೆ 1200 ಅಥವಾ ಅದಕ್ಕೂ ನಯವಾದದ್ದನ್ನು ನೀರಿನಲ್ಲಿ ಅದ್ದಿ, ತುಂಬಿದ ಜಾಗವನ್ನಷ್ಟೇ ಉಜ್ಜಬೇಕು. ಕಾರಿನ ಬಣ್ಣಕ್ಕೆ ಬಳಸುವ ರಬ್ಬಿಂಗ್ ಕಾಂಪೌಂಡ್ ಹಚ್ಚಿದರೆ ಸ್ವಲ್ಪ ಹೊಳಪೂ ಬರುತ್ತದೆ.

ಇಂತಹ ತೇಪೆಗೆ ಮಿತಿಗಳಿವೆ. ಕುದಿಯುವ ನೀರು ಬಿದ್ದರೆ ಎಪಾಕ್ಸಿ ಮೆತ್ತಗಾಗುತ್ತದೆ, ಬಿಸಿಲು ತಾಗುವ ಕಡೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ಒರಟು ಪುಡಿಯಿಂದ ಉಜ್ಜಿದರೆ ಸುತ್ತಲಿನ ಸೆರಾಮಿಕ್ ಉಳಿದು ತೇಪೆ ಮಾತ್ರ ಸವೆಯುತ್ತದೆ. ಆಗ ಕೆರೆದು ತೆಗೆದು ಮತ್ತೊಮ್ಮೆ ತುಂಬಬಹುದು. ಹೊಸ ಬೇಸಿನ್ನಿನ ಬೆಲೆ, ಹಳೆಯದನ್ನು ಕಿತ್ತಾಗ ಒಡೆಯುವ ಗೋಡೆಯ ಟೈಲ್ಸ್, ಪ್ಲಂಬರ್‌ನ ದಿನಗೂಲಿ ಇವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಶ್ರಮ ದುಬಾರಿಯೇನಲ್ಲ.

ಅಂಟಿಸಬಾರದ ಬಿರುಕು

ಎಲ್ಲವನ್ನೂ ತುಂಬಿ ಉಳಿಸಿಕೊಳ್ಳಬಹುದೆಂಬ ಉತ್ಸಾಹ ಕಮೋಡಿನ ವಿಷಯದಲ್ಲಿ ಸಲ್ಲದು. ಮುಚ್ಚಳದ ಅಂಚಿನ ಚಕ್ಕೆ, ಒರಿಸ್ಸಾ ಪ್ಯಾನಿನ ಪಾದದ ಗುರುತಿನ ಮೇಲಿನ ಸಣ್ಣ ತರಚು ಬೇರೆ ಮಾತು. ಕುಳಿತುಕೊಳ್ಳುವ ಕಮೋಡಿನ ಬುಡ, ನೆಲಕ್ಕೆ ಬೋಲ್ಟ್ ಹಾಕಿದ ಜಾಗ, ಗೋಡೆಗೆ ತೂಗುಹಾಕಿದ ಕಮೋಡಿನ ಹಿಂಬದಿ ಇಲ್ಲಿ ಸೀಳು ಕಂಡರೆ ಅಂಟಿಸದೆ ಬದಲಾಯಿಸಲೇಬೇಕು. ಮನುಷ್ಯನ ಭಾರ ಹೊರುವ ಸೆರಾಮಿಕ್ ಬಗ್ಗುವುದಿಲ್ಲ, ಮುನ್ಸೂಚನೆಯನ್ನೂ ಕೊಡುವುದಿಲ್ಲ, ಒಮ್ಮೆಗೇ ಒಡೆಯುತ್ತದೆ. ಒಡೆದ ಅಂಚು ಗಾಜಿನಂತೆ ಹರಿತವಾಗಿದ್ದು ತೊಡೆ, ಸೊಂಟಕ್ಕೆ ಆಳವಾದ ಗಾಯ ಮಾಡುತ್ತದೆ. ಸ್ಥೂಲಕಾಯರೂ ವೃದ್ಧರೂ ಇರುವ ಮನೆಗಳಲ್ಲಿ ಇದನ್ನು ಮುಂದೂಡುವುದು ಸರಿಯಲ್ಲ. ಬ್ರಾಕೆಟ್ ಮೇಲೆ ಕೂತ ಬೇಸಿನ್ನಿನ ಹಿಂಬದಿಯ ಸೀಳಿಗೂ ಇದೇ ನಿಯಮ.

ಸ್ಟೀಲ್ ಸಿಂಕಿನ ತುಕ್ಕು ಯಾರದು?

ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯದೆಂದು ಕೊಂಡವರು, ಸಿಂಕಿನಲ್ಲಿ ಕಂದು ಚುಕ್ಕೆ ಕಂಡೊಡನೆ ಅಂಗಡಿಯವನು ಮೋಸ ಮಾಡಿದನೆನ್ನುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಒಳ್ಳೆಯ ಸಿಂಕುಗಳಲ್ಲಿ ಬಳಸುವ 304 ದರ್ಜೆಯ ಉಕ್ಕಿನಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುತ್ತದೆ. ಅಗ್ಗದ 200 ಸರಣಿಯ ಉಕ್ಕಿನಲ್ಲಿ ನಿಕ್ಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸಲಾಗುತ್ತದೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಜನಪ್ರಿಯ ಪರೀಕ್ಷೆಯನ್ನು ನಂಬುವಂತಿಲ್ಲ. ಅಗ್ಗದ 200 ಸರಣಿಗೂ ಅದು ಅಂಟುವುದಿಲ್ಲ, ಒಳ್ಳೆಯ 304ರ ಅಚ್ಚೊತ್ತಿದ ಮೂಲೆಗಳಿಗೆ ಕೊಂಚ ಅಂಟಬಹುದು.

ಆದರೆ ಬಹಳ ಸಲ ಆ ತುಕ್ಕು ಸಿಂಕಿನದ್ದೇ ಆಗಿರುವುದಿಲ್ಲ. ಒದ್ದೆ ಬಾಣಲೆ, ಈಳಿಗೆಮಣೆ, ತವಾ, ಕಬ್ಬಿಣದ ತಂತಿಯ ಜುಂಗು ರಾತ್ರಿಯಿಡೀ ಸಿಂಕಿನಲ್ಲಿ ಕೂತು ತಮ್ಮ ತುಕ್ಕನ್ನು ಅಲ್ಲಿ ಬಿಟ್ಟಿರುತ್ತವೆ. ಅಡುಗೆ ಸೋಡಾದ ಹಿಟ್ಟಿನಿಂದ, ಸ್ಟೀಲಿನ ಮೇಲೆ ಕಾಣುವ ನಯವಾದ ಗೆರೆಗಳ ದಿಕ್ಕಿನಲ್ಲೇ ಉಜ್ಜಿದರೆ ಅದು ಹೋಗುತ್ತದೆ. ಅಡ್ಡ ಉಜ್ಜಿದರೆ ಹೊಸ ಗೀಚು ಬೀಳುತ್ತದೆ. ಸ್ಟೀಲನ್ನು ಕಾಯುವುದು ಅದರ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ತಾನೇ ಕಟ್ಟಿಕೊಳ್ಳುವ, ಕಣ್ಣಿಗೆ ಕಾಣದ ಪೊರೆ. ಗೀಚಿದ ಜಾಗದಲ್ಲೂ ಇದು ಮತ್ತೆ ಬೆಳೆಯುತ್ತದೆ. ಇದಕ್ಕೆ ಶತ್ರು ಉಪ್ಪಿನಲ್ಲಿರುವ ಕ್ಲೋರೈಡ್. ಉಪ್ಪಿನಕಾಯಿಯ ಜಾಡಿ ತೊಳೆದ ನೀರು, ಬ್ಲೀಚಿಂಗ್ ನೀರು ಸಿಂಕಿನಲ್ಲಿ ನಿಂತು ಆರಿದರೆ ಪೊರೆ ಅಲ್ಲಲ್ಲಿ ತೂತಾಗಿ ಕುಳಿ ಬೀಳುತ್ತದೆ. ಬಿದ್ದ ಕುಳಿಯನ್ನು ಮನೆಯಲ್ಲಿ ತುಂಬಲಾಗದು. ತೊಳೆದು ಒರೆಸುವುದರಿಂದ ಹಿಗ್ಗದಂತೆ ತಡೆಯಬಹುದು.

ನಲ್ಲಿಯ ಹೊಳಪು

ಇಂದಿನ ನಲ್ಲಿಗಳ ಬೆಳ್ಳಿ ಹೊಳಪು ಕ್ರೋಮಿಯಂ ಲೇಪದ್ದು. ಕೆಳಗಿನ ನಿಕ್ಕಲ್ ಪದರದ ಮೇಲಿರುವ ಈ ಲೇಪ ಒಂದು ಮೈಕ್ರಾನ್‌ಗಿಂತಲೂ ತೆಳು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅದು ಸಿಪ್ಪೆ ಏಳತೊಡಗಿದ ಮೇಲೆ ಬೆಳ್ಳಿಬಣ್ಣ ಬಳಿಯುವುದು ವ್ಯರ್ಥ. ಒಳಗಿನ ಹಿತ್ತಾಳೆ ಗಟ್ಟಿಯಿದ್ದರೆ ಮರುಲೇಪ ಮಾಡಿಸಬಹುದು, ಇಲ್ಲವೇ ಬದಲಿಸಬೇಕು. ಹಳೆಯ ಮನೆಗಳ ಲೇಪವಿಲ್ಲದ ಹಿತ್ತಾಳೆ ನಲ್ಲಿಗೆ ಈ ಭಯವಿಲ್ಲ. ಹುಣಸೆಹಣ್ಣು ಸಾಕು.

ಅಡುಗೆಕಟ್ಟೆಯ ಕಲ್ಲು

ಕಪ್ಪಾಗಿ ಕಂಡದ್ದೆಲ್ಲ ಗ್ರಾನೈಟ್ ಅಲ್ಲ. ಗ್ರಾನೈಟ್‌ಗೆ ನಿಂಬೆಹುಳಿ ತಾಗದು. ಆದರೆ ಹಳೆಯ ಅಡುಗೆಮನೆಗಳ ಕಡಪ ಕಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲುಗಳು. ಇವುಗಳ ಮೇಲೆ ನಿಂಬೆ ಹೋಳು, ಹುಣಸೆರಸ, ಟೊಮೆಟೊ ಸಾರು ಹತ್ತು ನಿಮಿಷ ನಿಂತರೂ ಕಲ್ಲು ಕರಗಿ ಮಂಕಾದ ಗುರುತು ಉಳಿಯುತ್ತದೆ. ನಲ್ಲಿಗೆ ಮದ್ದಾದ ವಿನೆಗರ್ ಇಲ್ಲಿ ವಿಷ. ಮಂಕಾದ ಜಾಗಕ್ಕೆ ನಯವಾದ ವಾಟರ್ ಪೇಪರ್‌ನಿಂದ ಮತ್ತೆ ಪಾಲಿಶ್ ಮಾಡುವುದೊಂದೇ ದಾರಿ. ಕಟ್ಟೆ ದೊಡ್ಡದಿದ್ದರೆ ಪಾಲಿಶ್ ಯಂತ್ರದವರನ್ನು ಕರೆಸುವುದು ಮೇಲು.

ಕಲ್ಲು ಹೀರಿಕೊಂಡ ಎಣ್ಣೆಯ ಕಲೆಗೆ ಸೀಮೆಸುಣ್ಣದ ಪುಡಿ ಅಥವಾ ಮೈದಾಹಿಟ್ಟನ್ನು ಅಡುಗೆ ಸೋಡಾ, ನೀರಿನೊಡನೆ ಗಟ್ಟಿಯಾಗಿ ಕಲಸಿ ಅರ್ಧ ಅಂಗುಲ ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಡಬೇಕು. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಿದ ಮೇಲೆ ಕೆರೆದರೆ ಹಿಟ್ಟು ಎಣ್ಣೆಯನ್ನು ಹೀರಿಕೊಂಡಿರುತ್ತದೆ. ಹಳೆಯ ಕಲೆಗೆ ನಾಲ್ಕೈದು ಬಾರಿ ಮಾಡಬೇಕಾದೀತು.

ಟೈಲ್ಸ್ ಸಂದು ಮತ್ತು ಕೆಂಪು ನೆಲ

ಟೈಲ್ಸ್ ಸಂದಿನ ಗ್ರೌಟ್ ಉದುರಿದಲ್ಲಿ ಹಳೆಯದರ ಮೇಲೆ ಬಿಳಿ ಸಿಮೆಂಟ್ ಬಳಿದರೆ ಒಂದು ತಿಂಗಳೂ ನಿಲ್ಲದು. ಕನಿಷ್ಠ ಎರಡು-ಮೂರು ಮಿಲಿಮೀಟರ್ ಆಳ ಕೆರೆದು ತೆಗೆದೇ ಹೊಸತನ್ನು ತುಂಬಬೇಕು. ಸ್ನಾನದ ಜಾಗಕ್ಕೆ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಬಾಳಿಕೆ ಬರುತ್ತದೆ.

ಹಾಸನ, ಮೈಸೂರು ಸೀಮೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಗುಳಿ ಬಿದ್ದಿದ್ದರೆ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ ತುಂಬಬಹುದು. ಹಸಿಯಿದ್ದಾಗಿನ ಬಣ್ಣ ಒಣಗಿದಾಗ ಇರುವುದಿಲ್ಲವಾದ್ದರಿಂದ, ಹಲಗೆಯ ಚೂರಿನ ಮೇಲೆ ಎರಡು-ಮೂರು ಮಾದರಿ ಹಚ್ಚಿ ಒಣಗಿಸಿ ನೋಡಿಯೇ ಅಳತೆ ನಿಶ್ಚಯಿಸಬೇಕು. ತುಂಬಿದ ಜಾಗಕ್ಕೆ ಒದ್ದೆ ಗೋಣಿ ಹೊದಿಸಿ ಒಂದು ವಾರ ತೇವ ಆರದಂತೆ ನೋಡಿಕೊಂಡು, ಬಳಿಕ ಮೇಣ ಉಜ್ಜುವುದು ರೂಢಿ. ಈ ನೆಲ ತೊಳೆಯಲು ಆಸಿಡ್ ಇರುವ ಯಾವ ದ್ರಾವಣವೂ ಆಗದು. ಸೋಪಿನ ನೀರು ಸಾಕು.